ಮೂರನೆಯ ಬಾರಾ

ಗಡಹಿಂಗ್ಲಜದ ನಮ್ಮ ಅಜ್ಜಿಯ ಹತ್ತಿರ ನಾಲ್ಕು ಕವಡೆಗಳಿದ್ದವು, ನಾಲ್ಕಕ್ಕೂ ನಾಲ್ಕು ಸ್ವಭಾವ. ಒಂದರ ಬೆನ್ನು ತೇಯ್ದು ಚಪ್ಪಟೆಯಾಗಿತ್ತು. ಹೇಗೆ ಒಗೆದರೂ ಹೆಚ್ಚುಪಾಲು ಬಾಯಿ ಮೇಲೆ ಮಾಡಿಯೇ ಮಲಗುತ್ತಿತ್ತು. ಅಜ್ಜಿ ಅದನ್ನು ದಿನಾ ಬೈದಳು, ಎಂದೂ ಬದಲಿಸಲಿಲ್ಲ.

ಆಟ ಚೌಕಾಬಾರಾ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದ ಇಪ್ಪತ್ತೈದು ಮನೆ. ನಾಲ್ಕೂ ಬಾಯಿ ಮೇಲಾದರೆ ಚೌಕಾ, ನಾಲ್ಕೂ ಬೋರಲಾದರೆ ಬಾರಾ, ಅಂದರೆ ಎಂಟು. ಯಾವುದು ಬಿದ್ದರೂ ಇನ್ನೊಮ್ಮೆ ಒಗೆಯುವ ಹಕ್ಕು. ಕವಡೆ ಪ್ರಾಮಾಣಿಕವಾಗಿದ್ದರೆ ಒಂದೊಂದಕ್ಕೂ ಹದಿನಾರರಲ್ಲಿ ಒಂದು ಅವಕಾಶ. ಆದರೆ ಕವಡೆ ನಾಣ್ಯವಲ್ಲವಲ್ಲ. ನಾಲ್ಕೂ ಹತ್ತಕ್ಕೆ ಆರು ಸಲ ಬಾಯಿ ಮೇಲಾಗುವ ಜಾತಿಯವಾದರೆ ಚೌಕಾ ನೂರಕ್ಕೆ 13ರ ಹತ್ತಿರ ಏರುತ್ತದೆ, ಬಾರಾ ಎರಡೂವರೆಗೆ ಇಳಿಯುತ್ತದೆ. ಬಾರಾ ಬಿದ್ದವರ ಮುಖ ಅಷ್ಟೇಕೆ ಅರಳುತ್ತಿತ್ತೆಂದು ಈಗ ಲೆಕ್ಕ ಸಿಗುತ್ತದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹೊಸ ಹಾಸಿನ ಆಟಗಳನ್ನು ಹೆಣೆದರು. ನಮ್ಮ ಮನೆಯಲ್ಲಿ ಆ ಕೆಲಸ ಸೊಸೆಯಂದಿರದು. ಇಚಲಕರಂಜಿಯಿಂದ ಬಂದ ಕಾಕು, ಅಂದರೆ ಚಿಕ್ಕಮ್ಮ, ತವರಿನ ನಿಯಮವನ್ನೂ ಜೊತೆಗೆ ತಂದಳು: ಚೌಕಾ, ಬಾರಾ ಸಾಲಾಗಿ ಮೂರು ಬಿದ್ದರೆ ಮೂರೂ ಸುಟ್ಟವು.

"ದೇವ್ರು ಕೊಟ್ಟಿದ್ದನ್ನ ಸುಡೂದಂದ್ರ ಏನವ್ವಾ?" ಎಂದಳು ಅಜ್ಜಿ.

"ಒಬ್ರಿಗೇ ಬಿದ್ಕೋತ ಹೋದ್ರ ಉಳದಾವ್ರು ಏನ್ ಮಾಡಬೇಕ್ರಿ ಅತ್ತಿ?"

ಪಾಳಿ ಮುಗಿದರೆ ಮಗ್ಗವನ್ನು ಇನ್ನೊಬ್ಬರಿಗೆ ಬಿಟ್ಟೇಳುವ ಊರಿನ ನ್ಯಾಯ ಅದು. ಅತ್ತೆ ಸೊಸೆ ಇಬ್ಬರೂ ವರ್ಷಾನುಗಟ್ಟಲೆ ಈ ಮಾತಿಗೆ ಮುಖ ಊದಿಸಿಕೊಂಡರು. ಪ್ರಾಮಾಣಿಕ ಕವಡೆಯ ಲೆಕ್ಕದಲ್ಲಿ ಚೌಕಾ, ಬಾರಾ ಕೂಡಿ ಎಂಟರಲ್ಲಿ ಒಂದು. ಅಂಥವು ಸಾಲಾಗಿ ಮೂರು ಬೀಳುವುದು 512ರಲ್ಲಿ ಒಂದು ಸಲ. ಅಷ್ಟು ಅಪರೂಪದ ಭಾಗ್ಯಕ್ಕಾಗಿ ಎಷ್ಟು ಸಂಜೆಯ ಚಹಾ ಆರಿತೋ!

ಕಾಕುವಿನ ಮೊಮ್ಮಗ ಈಗ ಕೊಲ್ಲಾಪುರದಲ್ಲಿ ಗೆಳೆಯರೊಂದಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಾನೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ಅದರ ಮುಖ್ಯ ದಾಳಕ್ಕೆ ಇಪ್ಪತ್ತು ಮುಖ, ಒಂದೊಂದಕ್ಕೂ ನೂರಕ್ಕೆ ಐದೇ, ಸ್ವಭಾವವೆಂಬುದೇ ಇಲ್ಲ. ಆದರೆ ಆಟ ನಡೆಸುವವನು ರಟ್ಟಿನ ಮರೆಯಲ್ಲಿ ಕೂತು ದಾಳ ಉರುಳಿಸುತ್ತಾನಂತೆ, ಗೆಳೆಯನ ವೀರ ಸುಮ್ಮನೆ ಸಾಯುವಂತಾದರೆ ಬಿದ್ದ ಅಂಕಿಯನ್ನು ಒಂಚೂರು ತಿದ್ದಿ ಹೇಳುತ್ತಾನಂತೆ. ಕೇಳಿ ನಗು ಬಂತು. ಸೋತು ಅಳುಮೋರೆಯಾದ ಚಿಕ್ಕವರ ಸರದಿ ಬಂದಾಗ ಅಜ್ಜಿಯ ಸೆರಗು ಕವಡೆಗೆ ತಗುಲುತ್ತಿತ್ತು. ಮೂರು ಬಿದ್ದಿದ್ದು ಚೌಕಾ ಆಗುತ್ತಿತ್ತು. ಅದು ಚಪ್ಪಟೆ ಕವಡೆಯ ಪುಣ್ಯವೋ ಸೆರಗಿನದೋ, ದೊಡ್ಡವರಾರೂ ತನಿಖೆ ಮಾಡಲಿಲ್ಲ.

ಅಜ್ಜಿ ಹೋದ ಮೇಲೆ ಕವಡೆಗಳು ಕಾಕುವಿನ ಪಾಲಿಗೆ ಬಂದವು. ಹೋದ ದೀಪಾವಳಿಯಲ್ಲಿ ಮೊಮ್ಮಗನ ಗೆಳೆಯರಿಗೆ ಅವಳೇ ಆಟ ಕಲಿಸಿದಳು. ಹುಡುಗನೊಬ್ಬನಿಗೆ ಬಾರಾ, ಚೌಕಾ, ಮತ್ತೆ ಬಾರಾ!

"ಸುಟ್ಟವಲ್ಲ ಅಜ್ಜಿ? ನೀನ ಹೇಳಿದ್ದೆಲ್ಲ," ಎಂದ ಮೊಮ್ಮಗ.

ಕಾಕು ಕವಡೆಗಳನ್ನು ಬಳಿದು ಆ ಹುಡುಗನ ಅಂಗೈಗೆ ಹಾಕಿದಳು. "ಅದು ಇಚಲಕರಂಜಿ ಮಾತು. ನಮ್ಮನ್ಯಾಗ ಸುಡೂದಿಲ್ಲ. ಒಗಿಯೋ ಪೋರಾ."

ಅವನು ಒಗೆದ. ಒಂದು ಬಿತ್ತು.