ಸೇತುವೆಯ ಆಚೆ ಈಚೆ

ದೂರದ ಊರಿನವರ ಮೇಲೆ ಯಾರಿಗೂ ಜಿದ್ದಿರುವುದಿಲ್ಲ. ಜಿದ್ದೇನಿದ್ದರೂ ನೆರೆಯೂರಿನವರ ಮೇಲೆ. ಬೆಳಗಾದರೆ ಅವರ ಮುಖ ನೋಡಬೇಕು, ಅವರ ಅಂಗಡಿಯಲ್ಲಿ ವ್ಯಾಪಾರ ಮಾಡಬೇಕು, ಅವರ ಊರಿನಲ್ಲಿ ಚಾಕರಿ ಮಾಡಬೇಕು; ಸಾಲದೆಂದು ಅವರ ಊರೇ ದೊಡ್ಡದೆಂಬ ಮಾತನ್ನೂ ಕೇಳಬೇಕು. ಜಿದ್ದು ಹುಟ್ಟದೆ ಇನ್ನೇನಾದೀತು?

ಅಮೆರಿಕದ ಪಶ್ಚಿಮ ತೀರದಲ್ಲಿ ಒಂದು ಕೊಲ್ಲಿ. ಅದರ ಒಂದು ದಡದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, ಇನ್ನೊಂದರಲ್ಲಿ ಓಕ್‌ಲೆಂಡ್. ಮೊದಲನೆಯದು ಜಗತ್ತೆಲ್ಲ ಬಲ್ಲ ಚೆಲುವಿನ ಊರು. ಎರಡನೆಯದು ಹಡಗು, ರೈಲು, ದುಡಿಯುವ ಜನರ ಊರು. ನಡುವೆ 1936ರಲ್ಲಿ ಕಟ್ಟಿದ ಎರಡಂತಸ್ತಿನ ಸೇತುವೆ. ಬೇಸ್‌ಬಾಲ್ ಎಂಬುದು ನಮ್ಮ ಕ್ರಿಕೆಟ್ಟಿಗೆ ದಾಯಾದಿಯಂಥ ಆಟವಷ್ಟೆ. ಅದರ ಒಂದೊಂದು ತಂಡ ಎರಡು ಊರಿಗೂ ಉಂಟು: 1958ರಲ್ಲಿ ನ್ಯೂಯಾರ್ಕಿನಿಂದ ಬಂದ ಜೈಂಟ್ಸ್ ಅತ್ತ, 1968ರಲ್ಲಿ ಕಾನ್ಸಾಸ್ ಸಿಟಿಯಿಂದ ಬಂದ ಅಥ್ಲೆಟಿಕ್ಸ್ ಇತ್ತ. ಅಥ್ಲೆಟಿಕ್ಸ್ ವಿಷಯದಲ್ಲಿ 'ಉಂಟು' ಎನ್ನುವಂತಿಲ್ಲ, 'ಇತ್ತು' ಎನ್ನಬೇಕು. ಅದನ್ನು ಮುಂದೆ ಹೇಳುತ್ತೇನೆ.

1989ರ ಅಕ್ಟೋಬರಿನಲ್ಲಿ ಈ ಎರಡೂ ತಂಡಗಳು ವರ್ಲ್ಡ್ ಸೀರೀಸ್‌ನಲ್ಲಿ ಎದುರಾದವು. ಅಮೆರಿಕದವರು ತಮ್ಮತಮ್ಮೊಳಗೆ ಆಡಿಕೊಳ್ಳುವ ಆಟಕ್ಕೆ ಜಗತ್ತಿನ ಹೆಸರಿಡುವುದೇಕೋ! ಇರಲಿ. ಏಳರಲ್ಲಿ ನಾಲ್ಕು ಪಂದ್ಯ ಗೆದ್ದವರಿಗೆ ಪಟ್ಟ. ಒಂದು ಮನೆಯಲ್ಲಿ ಗಂಡ ಅತ್ತ, ಹೆಂಡತಿ ಇತ್ತ. ಯಾರನ್ನೂ ನೋಯಿಸಲಾರದವರಿಗೆಂದು ಅರ್ಧ ಆ ತಂಡದ, ಅರ್ಧ ಈ ತಂಡದ ಬಣ್ಣದ ಟೋಪಿಗಳೂ ಮಾರಾಟಕ್ಕೆ ಬಂದವಂತೆ. ಓಕ್‌ಲೆಂಡ್ ತನ್ನ ಮೈದಾನದಲ್ಲಿ ಮೊದಲೆರಡು ಪಂದ್ಯಗಳನ್ನು 5-0, 5-1ರಂತೆ ಗೆದ್ದಿತು. ಮೂರನೆಯದು ಅಕ್ಟೋಬರ್ 17ರ ಮಂಗಳವಾರ, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ.

ಅರವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಸಂಜೆ 5 ಗಂಟೆ 4 ನಿಮಿಷಕ್ಕೆ ನೆಲ ನಡುಗಿತು. ಸುಮಾರು ಹದಿನೈದು ಸೆಕೆಂಡು. ನಿಂತೊಡನೆ ಜನ ಕೇಕೆ ಹಾಕಿದರು! ಭೂಕಂಪವೂ ಆಟದ ಮುನ್ನುಡಿಯೆಂದು ಬಗೆದರೋ ಏನೋ. ಹೊರಗಿನ ವರ್ತಮಾನ ಅವರಿಗಿನ್ನೂ ಮುಟ್ಟಿರಲಿಲ್ಲ.

ಸೇತುವೆಯ ಮೇಲಂತಸ್ತಿನ ಒಂದು ತುಂಡು ಕೆಳಗಿನದರ ಮೇಲೆ ಬಿದ್ದಿತ್ತು. ಓಕ್‌ಲೆಂಡಿನಲ್ಲಿ ಸೈಪ್ರೆಸ್ ಎಂಬ ಎರಡಂತಸ್ತಿನ ಹೆದ್ದಾರಿಯ ಮೇಲಂತಸ್ತು ಕೆಳಗಿನದರ ಮೇಲೆ ಕುಸಿದು 42 ಮಂದಿಯನ್ನು ಕೊಂದಿತ್ತು. ಆ ಭೂಕಂಪದಲ್ಲಿ ಸತ್ತವರು ಒಟ್ಟು 63. ಹೆದ್ದಾರಿಯಲ್ಲೇ ನೂರಾರು ಜನ ಸತ್ತಿರಬೇಕೆಂದು ಮೊದಲು ಅಂಜಿದ್ದರು. ಆ ಹೊತ್ತಿಗೆ ಆ ರಸ್ತೆ ಕಿಕ್ಕಿರಿದಿರಬೇಕಾಗಿತ್ತು. ಅಂದು ಹಾಗಿರಲಿಲ್ಲ. ಎರಡು ಊರಿನವರೂ ಬೇಗ ಕೆಲಸ ಬಿಟ್ಟು ಟೆಲಿವಿಷನ್ನಿನ ಮುಂದೆ ಕುಳಿತಿದ್ದರು.

ಹೋದ ವರ್ಷ ಮಗಳ ಮನೆಗೆ ಹೋಗಿದ್ದಾಗ ಅಂಥವರೊಬ್ಬರನ್ನು ಕಂಡೆ. ಪಕ್ಕದ ಮನೆಯ ಮುದುಕರು, ಓಕ್‌ಲೆಂಡಿನಲ್ಲಿ ಹುಟ್ಟಿ ಬೆಳೆದವರು. ಆಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಉದ್ಯೋಗ. ದಿನವೂ ಐದು ಗಂಟೆಗೆ ಆ ಸೇತುವೆ ದಾಟಿ, ಆ ಹೆದ್ದಾರಿಯಲ್ಲೇ ಮನೆಗೆ. ಅಂದು ಮೇಲಧಿಕಾರಿಗೆ ಹಲ್ಲುನೋವೆಂದು ಸುಳ್ಳು ಹೇಳಿ ಮೂರಕ್ಕೇ ಹೊರಟುಬಂದಿದ್ದರು. "ಆಮೇಲೆ ಮೇಲಧಿಕಾರಿ ಹಲ್ಲು ಹೇಗಿದೆಯೆಂದು ಕೇಳಲಿಲ್ಲ," ಎಂದರು.

ಕರೆಂಟಿಲ್ಲದ ಊರಿನಲ್ಲಿ ಮರುದಿನ ಆಟದ ಕಮಿಷನರ್ ಫೇ ವಿನ್ಸೆಂಟ್ ಮೇಣದಬತ್ತಿಯ ಬೆಳಕಿನಲ್ಲಿ ಪತ್ರಿಕೆಯವರನ್ನು ಕಂಡರು. ಈ ದುಃಖದ ಮುಂದೆ ನಮ್ಮ ಆಟ ತೀರ ಅಲ್ಪ ಎಂಬರ್ಥದ ಮಾತಾಡಿದರು. ಪಂದ್ಯಗಳನ್ನು ಕೈಬಿಡಬೇಕೆಂದು ಹಲವರ ಅಭಿಪ್ರಾಯವಿತ್ತು. ಹತ್ತು ದಿನ ಕಾದು, ಅಕ್ಟೋಬರ್ 27ರಂದು ಆಡಿಸಿದರು. ಆಡಿಸಿದ್ದೇ ಸರಿಯೆಂದು ನನ್ನ ಎಣಿಕೆ. ಮನೆಯಲ್ಲಿ ಸಾವಾದರೂ ಕೆಲವು ದಿನ ಕಳೆದ ಮೇಲೆ ಮಕ್ಕಳು ಬೀದಿಗೆ ಆಡಲು ಹೋಗುತ್ತಾರೆ. ಹೋಗಬೇಡಿರೆಂದು ಯಾವ ಅಜ್ಜಿಯೂ ಹೇಳುವುದಿಲ್ಲ.

ಅಂದು ಆಟಕ್ಕೆ ಮುನ್ನ ಮೊದಲ ಚೆಂಡೆಸೆಯುವ ಗೌರವ ಜನರನ್ನು ಕಾಪಾಡಿದವರಿಗೆ ಸಂದಿತು. ಓಕ್‌ಲೆಂಡಿನ ಚೆಂಡೆಸೆತಗಾರ ಡೇವ್ ಸ್ಟೂವರ್ಟ್ ಅದೇ ಊರಿನ ಮಗ. ನಡುವಿನ ದಿನಗಳಲ್ಲಿ ಕುಸಿದ ಹೆದ್ದಾರಿಯ ಬಳಿಗೆ ಹೋಗಿ, ದುಡಿಯುತ್ತಿದ್ದವರನ್ನು ಕಂಡು ಬರುತ್ತಿದ್ದರು. ಮೂರನೆಯ ಪಂದ್ಯವನ್ನು ಅವರೇ ಗೆಲ್ಲಿಸಿಕೊಟ್ಟರು, 13-7. ಮರುದಿನ ನಾಲ್ಕನೆಯದು 9-6. ನಾಲ್ಕೂ ಪಂದ್ಯಗಳಲ್ಲಿ ಓಕ್‌ಲೆಂಡ್ ಒಂದು ಕ್ಷಣವೂ ಹಿಂದೆ ಬೀಳಲಿಲ್ಲ.

ಗೆದ್ದ ತಂಡ ಷಾಂಪೇನ್ ಎರಚಿಕೊಂಡು ಕುಣಿಯುವುದು ಅಲ್ಲಿಯ ವಾಡಿಕೆ. ಓಕ್‌ಲೆಂಡಿನವರು ಅದನ್ನು ಬಿಟ್ಟರು. ಎಷ್ಟೋ ವರ್ಷಗಳಿಂದ ಕೊಲ್ಲಿಯಾಚೆಯವರ ಎದುರು ತಲೆಯೆತ್ತಲು ಕಾದಿದ್ದ ಊರು. ಗೆಲುವು ಕೈಗೆ ಬಂದಾಗ ಹೆಚ್ಚಿನ ಹೆಣಗಳು ಅದರ ಬೀದಿಯಲ್ಲೇ ಬಿದ್ದಿದ್ದವು. "ಗೆದ್ದದ್ದನ್ನು ಏನು ಮಾಡಬೇಕೋ ತಿಳಿಯಲಿಲ್ಲ," ಎಂದರು ಮುದುಕರು. "ಎದುರಿನವರನ್ನು ಹೀಯಾಳಿಸೋಣವೆಂದರೆ, ಅವರ ಊರಿನಲ್ಲೂ ಮನೆಗಳು ಉರಿದಿದ್ದವು."

ಸೇತುವೆ ಒಂದು ತಿಂಗಳಿನಲ್ಲಿ ಮತ್ತೆ ತೆರೆಯಿತು. ಬಿದ್ದುಹೋದ ಹೆದ್ದಾರಿಯ ಜಾಗದಲ್ಲಿ ಈಗ ಮಂಡೇಲಾ ಪಾರ್ಕ್‌ವೇ ಎಂಬ ಮರಗಳ ರಸ್ತೆ. ಮುದುಕರು ನನ್ನನ್ನು ಅಲ್ಲಿಗೆ ಕರೆದೊಯ್ದರು. ಮಕ್ಕಳು ಸೈಕಲ್ ಬಿಡುತ್ತಿದ್ದರು. ಮೇಲೆ ರಸ್ತೆಯೊಂದು ಇತ್ತೆಂದು ನಂಬುವುದೇ ಕಷ್ಟ.

ಅಥ್ಲೆಟಿಕ್ಸ್ ತಂಡ 2024ರ ಆಟಗಳು ಮುಗಿದೊಡನೆ ಊರನ್ನೇ ಬಿಟ್ಟಿತು. ಹಾಗಾಗಿ ಕೊಲ್ಲಿಯ ಆ ದಡದಲ್ಲಿ ಜಿದ್ದಿಗೆ ತಂಡವೇ ಇಲ್ಲ. ಇನ್ನು ಮೇಲೆ ಜೈಂಟ್ಸ್ ಪರವೇ ಕೂಗಬೇಕಾಯಿತೇನೋ ಎಂದೆ.

ಮುದುಕರು ಟೋಪಿ ತೆಗೆದು, ಧೂಳು ಕೊಡವಿ, ಮತ್ತೆ ಇಟ್ಟುಕೊಂಡರು. ಮಾಸಿದ ಹಸುರು ಟೋಪಿ.

"ಅವರು ಸೋತ ದಿನ ನನಗೆ ಈಗಲೂ ಒಂದು ತುತ್ತು ಹೆಚ್ಚಾಗಿಯೇ ಸೇರುತ್ತದೆ," ಎಂದರು.