ಸಹಿಗಷ್ಟೇ ದೇವರು

ನನಗೆ ದೇವರ ಮೇಲೆ ನಂಬಿಕೆ ಇರಲಿಲ್ಲವೆಂದಲ್ಲ. ರಾಯಚೂರಿನ ಮನೆಯಲ್ಲಿ ದಿನಾ ದೀಪ ಹಚ್ಚಿಯೇ ಪಾಠಕ್ಕೆ ಹೋಗುತ್ತಿದ್ದೆ. ಆದರೆ ಎಲ್ಲವನ್ನೂ ನಾನೇ ಗೊತ್ತುಮಾಡಿ, ಕೊನೆಗೆ ಸಹಿ ಹಾಕಿಸಿಕೊಳ್ಳಲಷ್ಟೇ ಅವನ ಮುಂದೆ ನಿಲ್ಲುತ್ತಿದ್ದೆ. ಗಣಿತದ ಮೇಷ್ಟ್ರು ನಾನು. ನನ್ನ ಲೆಕ್ಕ ತಪ್ಪುವುದಿಲ್ಲವೆಂಬ ಹಮ್ಮು.

2023ರಲ್ಲಿ ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ, ಹೊಲ ಲೀಸಿಗೆ ಹಿಡಿದೆ. ಪೂರ್ತಿ ನೆಲ್ಲು ನಾಟಿ ಮಾಡುವುದೆಂದು ತೀರ್ಮಾನ. ದೇವದುರ್ಗದಲ್ಲಿದ್ದ ಅಪ್ಪ, "ಕಾಲುವಿ ಕಡೀಗಿನ ಹೊಲ ಐತಿ, ಅರ್ಧಕ್ಕ ಜ್ವಾಳ ಹಾಕು. ನೀರು ನಿನ್ನ ಕೈಯಾಗಿಲ್ಲಪ, ಭಗವಂತನ ಕೈಯಾಗೈತಿ" ಅಂದರು. "ಎಲ್ಲಾ ಲೆಕ್ಕ ಹಾಕೀನಿ ಅಪ್ಪಾ" ಅಂದುಬಿಟ್ಟೆ. ಹೆಂಡತಿಯ ಬಂಗಾರ ಅಡವಿಟ್ಟದ್ದನ್ನು ಅವರಿಗೆ ತಿಳಿಸಲೂ ಇಲ್ಲ. ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ತೆನೆ ಹಾಲುಗಟ್ಟುವ ಹೊತ್ತಿಗೆ ನಮ್ಮ ಹೊಲಕ್ಕೆ ನೀರು ಮುಟ್ಟಲಿಲ್ಲ. ನೆಲ್ಲು ಜೊಳ್ಳಾಯಿತು. ಬಂಗಾರ ಬಿಡಿಸಿಕೊಳ್ಳಲಾಗದೆ ಹರಾಜಿಗೆ ಹೋಯಿತು.

ಸೋತ ಮೇಲೆ ಮಾನ್ವಿಯ ಜಗನ್ನಾಥದಾಸರ ಗುಡಿಯಲ್ಲಿ ಕೂತಾಗ, ಚಿಕ್ಕಂದಿನಿಂದ ಕೇಳಿದ್ದ ಕಥೆ ನನಗೇ ಹೇಳಿದಂತಾಯಿತು. 1728ರಲ್ಲಿ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಮಾನ್ವಿಗೆ ಬಂದ ವಿಜಯದಾಸರು ಪ್ರಸಾದಕ್ಕೆ ಕರೆದರೆ, ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿಗೆ ಹೋಗುವುದೇ ಎಂದು ಹೊಟ್ಟೆನೋವಿನ ನೆವ ಹೇಳಿದರಂತೆ. ನೆವವೇ ನಿಜವಾಯಿತು. ಓದಿದ ಶಾಸ್ತ್ರ ಯಾವುದೂ ನೋವು ತೆಗೆಯಲಿಲ್ಲ. ಕೊನೆಗೆ ವಿಜಯದಾಸರ ಕಾಲಿಗೇ ಬಿದ್ದರು. ಅವರು ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರಾದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷವನ್ನು ಈ ಪಂಡಿತರಿಗೆ ಧಾರೆಯೆರೆದರೆಂಬುದು ನಮ್ಮ ಸೀಮೆಯ ನಂಬಿಕೆ. ಆ ಪಂಡಿತರೇ ಮುಂದೆ ಜಗನ್ನಾಥದಾಸರಾದರು.

ಅಂದು ನನ್ನ ಮನಸ್ಸು ತಡೆದು ನಿಂತದ್ದು ಕಥೆಯ ಮುಂದಿನ ಭಾಗದಲ್ಲಿ. ದಾಸರು ಪಾಂಡಿತ್ಯವನ್ನು ಬಿಸಾಡಲಿಲ್ಲ. ಅದೇ ಶಾಸ್ತ್ರವನ್ನು 'ಹರಿಕಥಾಮೃತಸಾರ'ವಾಗಿ ಭಾಮಿನಿ ಷಟ್ಪದಿಯ ಕನ್ನಡಕ್ಕೆ ಇಳಿಸಿದರು. ವಿದ್ಯೆ ಪೂರ್ತಿ ಉಳಿಯಿತು, ತನ್ನದೆಂಬ ಒಡೆತನ ಹೋಯಿತು. ನಾನು ಹೆದರುತ್ತಿದ್ದದ್ದು ಇದಕ್ಕೇ: ದೇವರಿಗೆ ಬಿಟ್ಟುಕೊಟ್ಟರೆ ಬುದ್ಧಿಯನ್ನೂ ಬಿಟ್ಟುಕೊಟ್ಟಂತೆ ಎಂದುಕೊಂಡಿದ್ದೆ.

ಈಗಲೂ ಲೆಕ್ಕ ಹಾಕುತ್ತೇನೆ. ಆದರೆ ಅದಕ್ಕೂ ಮೊದಲು, ನನಗೆ ಕಾಣದ್ದನ್ನು ತೋರಿಸಪ್ಪಾ ಎಂದು ಬೇಡಿಕೊಳ್ಳುತ್ತೇನೆ. ಭಗವಂತ ಯಾರ ಕನಸಿನಲ್ಲೂ ಬಂದು ಬೆಳೆ ಹೇಳಬೇಕಿಲ್ಲ. ಅಂದು ಅಪ್ಪನ ಬಾಯಿಂದ ಅವನೇ ಹೇಳಿಸಿದ್ದ, ನನಗೆ ಕಿವಿ ಇರಲಿಲ್ಲ ಎಂದು ನಂಬಿದ್ದೇನೆ.

ಈ ಹಂಗಾಮಿಗೆ ಬಂಗಾರ ಅಡವಿಡಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಒಂದು ದಿನ ತಡೆಯಿರಿ. ದೇವರ ಮುಂದೆ ಕೂತು ಬನ್ನಿ, ಮನೆಯ ಹಿರಿಯರನ್ನು ಕೇಳಿ, ಆಮೇಲೆ ಬ್ಯಾಂಕಿಗೆ ಹೋಗಿ.