ಇಪ್ಪತ್ತೊಂದನೆಯ ದಿನ

ರಾತ್ರಿ ಒಂಬತ್ತು ದಾಟಿದೆ. ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿರುವ ಫೆಡರಲ್ ಕೋರ್ಟಿನ ಬಾಗಿಲು ಮುಚ್ಚಿ ಬಹಳ ಹೊತ್ತಾಯಿತು. ಇ-ಫೈಲಿಂಗ್ ಮಾತ್ರ ನಡುರಾತ್ರಿಯವರೆಗೆ ತೆರೆದಿರುತ್ತದೆ. ನೀವು ಸಮೀಪದ ವಕೀಲರ ಕಚೇರಿಯಲ್ಲಿದ್ದೀರಿ. ಮೇಜಿನ ಮೇಲೆ ಸಮನ್ಸ್. ಎದುರಿಗೆ ಕೂತಿರುವವನು ಸೋಪು, ಅತ್ತರು ಮಾರುವ ಸಣ್ಣ ಅಂಗಡಿಯವನು. ಅವನ ವೆಬ್‌ಸೈಟಿನಲ್ಲಿ ಏನನ್ನೂ ಕೊಳ್ಳಲಾಗುತ್ತಿಲ್ಲವೆಂದು ಕಣ್ಣು ಕಾಣದ ಗ್ರಾಹಕರೊಬ್ಬರು ದಾವೆ ಹೂಡಿದ್ದಾರೆ.

ವಕೀಲೆ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸುತ್ತಾರೆ. ಸಮನ್ಸ್ ಜಾರಿಯಾದ ದಿನ ಲೆಕ್ಕಕ್ಕಿಲ್ಲ. ಉತ್ತರ ಸಲ್ಲಿಸಲು ಮರುದಿನದಿಂದ 21 ದಿನ, ನಡುವಿನ ಶನಿವಾರ ಭಾನುವಾರವೂ ಸೇರಿ. ಕೊನೆಯ ದಿನ ರಜೆಯಾಗಿದ್ದರೆ ಗಡುವು ಮುಂದಿನ ಕೆಲಸದ ದಿನಕ್ಕೆ ಹೋಗುತ್ತಿತ್ತು. ಆದರೆ ಆ ಕೊನೆಯ ದಿನ ಇವತ್ತೇ, ಗುರುವಾರ. ಅಂಗಡಿಯವನು ಲಕೋಟೆಯನ್ನು ಬಿಲ್ಲುಗಳ ರಾಶಿಯಲ್ಲಿ ಹಾಕಿ ಮರೆತಿದ್ದ. ಈ ರಾತ್ರಿ ಏನೂ ಸಲ್ಲಿಕೆಯಾಗದಿದ್ದರೆ ಪ್ರತಿವಾದಿ ಗೈರೆಂದು ದಾಖಲಿಸಲು ವಾದಿ ಕೇಳಬಹುದು. ಆಮೇಲೆ ಏಕಪಕ್ಷೀಯ ತೀರ್ಪು.

ಆಕೆ ಮಾನಿಟರ್ ಆರಿಸಿ, ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕುತ್ತಾರೆ. ಟ್ಯಾಬ್ ಕೀ ಒತ್ತುತ್ತಾರೆ. ‘ಬಟನ್.’ ಮತ್ತೆ ಒತ್ತುತ್ತಾರೆ. ‘ಬಟನ್.’ ‘ಲಿಂಕ್, ಗ್ರಾಫಿಕ್, ಐಎಂಜಿ ಸೊನ್ನೆ ಎರಡು ಏಳು.’ ಗಂಧದ ಸೋಪು ಯಾವುದು, ಬೆಲೆ ಎಷ್ಟು, ಕಾರ್ಟಿಗೆ ಸೇರಿಸುವ ಬಟನ್ ಎಲ್ಲಿ? ಕಪ್ಪು ಪರದೆ ನೋಡುತ್ತ ನೀವೂ ಹುಡುಕುತ್ತೀರಿ, ಸಿಗುವುದಿಲ್ಲ. ‘ದುಡ್ಡಿಗಾಗಿ ಹಾಕಿದ ಕೇಸು’ ಎನ್ನುತ್ತಿದ್ದ ಅಂಗಡಿಯವನು ಈಗ ಮಾತಾಡುತ್ತಿಲ್ಲ.

ವಾದಿಯ ವಕೀಲರಿಗೆ ಫೋನ್ ಹೋಗುತ್ತದೆ. 30 ದಿನಗಳ ಕಾಲಾವಕಾಶಕ್ಕೆ ಅವರು ಒಪ್ಪುತ್ತಾರೆ. ಒಪ್ಪಿಗೆಯನ್ನು ನಮೂದಿಸಿದ ಪತ್ರ ನ್ಯಾಯಾಧೀಶರ ಹೆಸರಿಗೆ 11.20ಕ್ಕೆ ಅಪ್‌ಲೋಡ್ ಆಗುತ್ತದೆ. ಇಷ್ಟು ತಡವಾಗಿ ಕೇಳಿದ್ದಕ್ಕೆ ನ್ಯಾಯಾಧೀಶರು ಗದರಬಹುದು, ನಿರಾಕರಿಸಲೂಬಹುದು. ಕಾಲಾವಕಾಶ ಸಿಕ್ಕಿದರೆ ಆ ದಿನಗಳಲ್ಲಿ ಸೈಟನ್ನೇ ಸರಿಪಡಿಸಬೇಕು ಎಂದು ಆಕೆ ಖಡಾಖಂಡಿತವಾಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಇಡೀ ರಾತ್ರಿಯಲ್ಲಿ ಆಡಿದ ಅತಿ ಮುಖ್ಯ ಮಾತು ಅದೇ.

ಏಕೆಂದರೆ ಬರೀ ಕಾಗದದಲ್ಲಿ ಗಡುವು ಪಾಲಿಸುತ್ತ ವರ್ಷಗಳನ್ನೇ ಕಳೆಯಬಹುದು. ಕಣ್ಣು ಕಾಣದ ಗಿಲ್ಲೆರ್ಮೊ ರೋಬ್ಲೆಸ್ ಸ್ಕ್ರೀನ್ ರೀಡರ್‌ನಲ್ಲಿ ಪಿಜ್ಜಾ ತರಿಸಿಕೊಳ್ಳಲಾಗದೆ ಡಾಮಿನೋಸ್ ವಿರುದ್ಧ ದಾವೆ ಹೂಡಿದ್ದು 2016ರಲ್ಲಿ. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು, ಕಂಪನಿಯ ಅರ್ಜಿಯನ್ನು ಸುಪ್ರೀಂ ಕೋರ್ಟು ಕೈಗೆತ್ತಿಕೊಳ್ಳಲಿಲ್ಲ. ರಾಜಿಯಾದದ್ದು 2022ರಲ್ಲಿ.

ಬೆಂಗಳೂರಿನಲ್ಲಿ ಕೂತು ಅಮೆರಿಕದ ಅಂಗಡಿಗಳಿಗೆ ವೆಬ್‌ಸೈಟ್ ಕಟ್ಟಿಕೊಡುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ಸಮನ್ಸ್ ಬರುವವರೆಗೆ ಕಾಯಬೇಡಿ. ಇವತ್ತೇ ಮೌಸ್ ಬದಿಗಿಟ್ಟು, ಪರದೆ ಆರಿಸಿ, ನಿಮ್ಮದೇ ಸೈಟಿನಲ್ಲಿ ಒಂದು ಸೋಪು ಕೊಂಡು ನೋಡಿ.